ಎರಡು ಬೆಳೆಗಳ ನಡುವಿನ ಏಳು ದಿನ

ನಮ್ಮ ಕಡೆ ಯಾರಾದರೂ ಬ್ಯಾಗು ಹಿಡಿದು ಬಸ್ ಸ್ಟಾಪಿನಲ್ಲಿ ನಿಂತರೆ ಕೇಳುವ ಮೊದಲ ಪ್ರಶ್ನೆ, "ಯಾವ ದೇವರಿಗೆ?" ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿದವರು ತಿರುಪತಿಗೆ ಹೋಗಬೇಕು, ಇಲ್ಲವೇ ಮುಳಬಾಗಿಲಿನ ಆಂಜನೇಯನಿಗೆ. ದೇವರಲ್ಲದಿದ್ದರೆ ಮದುವೆ, ಮದುವೆಯಲ್ಲದಿದ್ದರೆ ಆಸ್ಪತ್ರೆ. ಈ ಮೂರೂ ಅಲ್ಲದೆ, ಸುಮ್ಮನೆ ಕಣ್ಣಿನಿಂದ ನೋಡಿ ಬರೋಣ ಅಂತ, ಅದೂ ಆಮೆಮರಿಗಳನ್ನು ನೋಡಿ ಬರೋಣ ಅಂತ ನಮ್ಮೂರಿನಿಂದ ಹೊರಟ ಮೊದಲ ಇಬ್ಬರು ಹೆಂಗಸರು ನಾನು ಮತ್ತು ನಮ್ಮತ್ತೆ. ಆ ಪ್ರವಾಸದ ಪ್ಲಾನು ಹಾಕಿದವಳು ನಾನು. ಜಂಬ ಅಂದುಕೊಂಡರೂ ಚಿಂತೆಯಿಲ್ಲ, ಇದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಎರಡು ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ಬೇರೆಯಾಗಿ ಕಟ್ಟಿಸಿದ ಹುಳುಮನೆ, ನಾಲ್ಕು ಹಸು. ಚಾಕಿ ಅಂತ ಕರೆಯುವ ಮರಿಹುಳುಗಳು ಎರಡನೇ ಜ್ವರದವರೆಗೆ ಚಾಕಿ ಕೇಂದ್ರದಲ್ಲಿ ಬೆಳೆದು ಆಮೇಲೆ ನಮ್ಮಲ್ಲಿಗೆ ಬರುತ್ತವೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು, ಹಳೇ ಚರ್ಮ ಕಳಚಿ ಏಳುವುದಕ್ಕೆ ನಾವು ಹಾಗೆನ್ನುತ್ತೇವೆ. ಅಲ್ಲಿಂದ ಮುಂದೆ ಅವು ಬಲಿತು ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುವವರೆಗೆ ಮನೆಯಲ್ಲಿ ನಡೆಯುವುದು ಅವುಗಳದೇ ದರ್ಬಾರು.

ಆ ದರ್ಬಾರಿನ ದಿವಾನರು ನಮ್ಮತ್ತೆ. ರಾಯಲ್ಪಾಡು ಕಡೆಯವರು, ಸಿಟ್ಟು ಬಂದರೆ ತೆಲುಗು, ಸಮಾಧಾನವಾದರೆ ಕನ್ನಡ. ಮೂವತ್ತು ವರ್ಷಕ್ಕೂ ಮೇಲಾಯಿತು ಅವರು ಹುಳು ಸಾಕಲು ಶುರುಮಾಡಿ. ಹುಳು ಮನೆಯಲ್ಲಿದ್ದಷ್ಟು ದಿನ ಊರು ದಾಟಿದವರಲ್ಲ. ತಮ್ಮನ ಮಗಳ ಮದುವೆಗೆ ಬೆಳಿಗ್ಗೆ ಹೋಗಿ, ಮುಹೂರ್ತಕ್ಕೆ ಅಕ್ಷತೆ ಹಾಕಿ, ಊಟಕ್ಕೂ ಕೂರದೆ ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ಹಿಂದಿರುಗಿದವರು. ಹುಳುಮನೆಗೆ ಅವರದೇ ಕಾನೂನು. ಘಮಘಮ ಅನ್ನುವ ಸೋಪು ಹಚ್ಚಿ ಸ್ನಾನ ಮಾಡಿದವರು ಒಳಗೆ ಬರುವಂತಿಲ್ಲ. ಪೌಡರು, ಸೆಂಟು, ಸೊಳ್ಳೆಬತ್ತಿ ಯಾವುದೂ ಅತ್ತ ಸುಳಿಯುವಂತಿಲ್ಲ. ನಮ್ಮನೆಯವರು ಬೀಡಿ ಸೇದುವುದರಿಂದ ಅವರಿಗೆ ಬಾಗಿಲಿನ ತನಕ ಮಾತ್ರ ಪ್ರವೇಶ. ಹೆತ್ತ ಮಗನಿಗೇ ಈ ಮರ್ಯಾದೆ ಅಂದಮೇಲೆ ಸೊಸೆಯ ಪಾಡು ನೀವೇ ಊಹಿಸಿ.

ನಾನು ಮಾಲೂರು ಕಡೆಯವಳು. ಅಪ್ಪನ ಮನೆಯಲ್ಲಿ ಆಲೂಗಡ್ಡೆ, ಟೊಮೇಟೊ. ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಸೊಪ್ಪು ಕಡಿದಿದ್ದೇನೆ, ಹೊತ್ತಿದ್ದೇನೆ, ಹಿಕ್ಕೆ ಬಳಿದಿದ್ದೇನೆ, ಗೂಡು ಬಿಡಿಸಿದ್ದೇನೆ. ಆದರೆ ಚಾಕಿ ಬಂದ ದಿನ, ಜ್ವರದಿಂದೆದ್ದ ಹುಳುಗಳಿಗೆ ಮೊದಲ ಸೊಪ್ಪು ಹಾಕುವುದು ಮಾತ್ರ ಅತ್ತೆಯ ಕೈ. ಅವಸರ ಮಾಡಿ ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಹಿಂದೆ ಉಳಿಯುತ್ತವೆ, ಇಡೀ ಬೆಳೆ ಏರುಪೇರಾಗುತ್ತದೆ. ಒಂದು ಸಲ ನಾನೇ ಹಾಕುತ್ತೇನೆ ಅಂದಿದ್ದಕ್ಕೆ, "ಆಲೂಗಡ್ಡೆ ಕೀಳೋ ಕೈ ಅದು, ನಿಂಗೆ ತಾಳ್ಮೆ ಎಲ್ಲಿದೆ?" ಅಂದರು. ಆ ಮಾತಿಗೆ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಅವರು ಅದನ್ನು ಗಮನಿಸಲೂ ಇಲ್ಲ.

ಕಳೆದ ವರ್ಷ ದೀಪಾವಳಿ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಸಂಜೆ ಇಬ್ಬರೂ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆವು. ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಬಂತು. ಕಡಲತೀರದ ಮರಳಿನೊಳಗಿಂದ ಆಮೆಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದು ನೀರಿನ ಕಡೆ ನಡೆಯುತ್ತಿದ್ದವು. ಅತ್ತೆ ಬಗ್ಗಿ ನೋಡಿದರು.

"ಇವನ್ನ ಸಾಕಿದ್ದು ಯಾರೇ?"

"ಯಾರೂ ಇಲ್ಲ ಅತ್ತಮ್ಮ. ತಾಯಾಮೆ ಮೊಟ್ಟೆ ಇಟ್ಟು ಹೋಗ್ಬಿಡುತ್ತೆ. ಜನ ಬೇಲಿ ಕಟ್ಟಿ ಕಾಯ್ತಾರೆ, ಮರಿ ಆದ್ಮೇಲೆ ಬಿಟ್ಬಿಡ್ತಾರೆ."

"ಬಿಟ್ಟು?"

"ಬಿಟ್ಟು ಏನು, ಸಮುದ್ರಕ್ಕೆ ಹೋಗ್ತವೆ, ಬದುಕ್ಕೋತವೆ."

ಅತ್ತೆ ಮೊಬೈಲು ತಮ್ಮ ಕೈಗೆ ತೆಗೆದುಕೊಂಡು ಅದನ್ನೇ ಮೂರು ಸಲ ನೋಡಿದರು. ಆಮೇಲೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಬಹಳ ವರ್ಷಗಳ ಹಿಂದೆ ಮಾವನ ಜೊತೆ ನಮ್ಮ ಗೂಡು ಕೊಂಡು ನೂಲು ತೆಗೆಯುತ್ತಿದ್ದ ರೀಲರ್ ಸಾಯಬರ ಮನೆಗೆ ಹೋಗಿದ್ದರಂತೆ. ಸಾಯಬರು ಒಳ್ಳೆಯವರು, ಕುರ್ಚಿ ಹಾಕಿ ಚಹಾ ಕೊಟ್ಟರಂತೆ. ಅಲ್ಲಿ ಕುದಿಯುವ ನೀರಿನ ಬೋಗುಣಿಯಲ್ಲಿ ಒಳಗಿನ ಹುಳುವಿನ ಸಮೇತ ಗೂಡುಗಳು ಕುಣಿಯುತ್ತಿದ್ದವಂತೆ. ಗೂಡು ಏನಾಗುತ್ತದೆ ಅಂತ ಅತ್ತೆಗೆ ಮೊದಲೇ ಗೊತ್ತಿತ್ತು, ಗೊತ್ತಿರುವುದು ಬೇರೆ, ನೋಡುವುದು ಬೇರೆ. ಆವತ್ತಿನ ಚಹಾ ಹಾಗೇ ಬಿಟ್ಟು ಎದ್ದು ಬಂದರಂತೆ.

"ಅದು ತಪ್ಪು ಅಂತಲ್ಲ. ಅದೇ ನಮ್ಮ ಅನ್ನ," ಅಂದರು. "ಆದ್ರೆ ಇಷ್ಟು ವರ್ಷದಲ್ಲಿ ನಾನ್ ಸಾಕಿದ್ದು ಒಂದಾದ್ರೂ ಬದುಕಿ ಎದ್ದು ಹೋಗಿದ್ದು ನೋಡಿಲ್ಲ ಕಣೇ. ಮೊಟ್ಟೆ ಒಡೆದು ಹುಟ್ಟಿದ್ದು ತಾನಾಗಿ ನಡ್ಕೊಂಡು ಹೋಗೋದು, ಅದೊಂದು ಕಣ್ಣಲ್ಲಿ ನೋಡ್ಬೇಕು."

ನಮ್ಮತ್ತೆ ಒಂದು ಸೀರೆ ಬೇಕು ಅಂತ ಬಾಯಿಬಿಟ್ಟು ಕೇಳಿದವರಲ್ಲ. ಇದನ್ನು ಕೇಳಿದರು. ತೋರಿಸಿಯೇ ತೀರುತ್ತೇನೆ ಅಂತ ನಾನು ಆ ಕ್ಷಣದಲ್ಲೇ ಹಟ ತೊಟ್ಟೆ. ಅವರ ಮೇಲಿನ ಪ್ರೀತಿ ಎಷ್ಟು, ನನ್ನ ಕೈಲಾಗುತ್ತದೆ ಅಂತ ತೋರಿಸುವ ಹುಮ್ಮಸ್ಸು ಎಷ್ಟು ಅಂತ ಕೇಳಬೇಡಿ, ಎರಡೂ ಇತ್ತು.

ಹೊರಡುವುದು ಅಂದರೆ ಸುಲಭವಲ್ಲ. ಗೂಡು ಬಿಡಿಸಿ ಕಳಿಸಿ, ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ, ಸುಣ್ಣ ಎಲ್ಲ ಆಗಿ ಬಾಗಿಲು ಹಾಕಿದರೆ, ಮುಂದಿನ ಚಾಕಿ ಬರುವವರೆಗೆ ನಮಗೆ ಸಿಗುವುದು ಏಳು ದಿನ. ಚಾಕಿ ಬರುವ ದಿನವನ್ನು ಮೊದಲೇ ಬರೆಸಿಟ್ಟಿರುತ್ತೇವೆ, ಹಿಂದೆ ಮುಂದೆ ಮಾಡುವಂತಿಲ್ಲ. ಇತ್ತ ಆಮೆಮರಿಗಳು ಹೊರಬರುವುದು ಸಂಕ್ರಾಂತಿ ಕಳೆದು ಬಿಸಿಲೇರುವವರೆಗಿನ ದಿನಗಳಲ್ಲಿ. ಹುಳುವಿನ ಪಂಚಾಂಗ, ಆಮೆಯ ಪಂಚಾಂಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಶಿವರಾತ್ರಿಗೆ ಮುಂಚಿನ ಒಂದು ಬೆಳೆಯ ಸಂದು ಮಾತ್ರ ಹೊಂದುತ್ತಿತ್ತು. ಅದು ತಪ್ಪಿದರೆ ಇನ್ನೊಂದು ವರ್ಷ, ಮುಂದಿನ ವರ್ಷ ಸಂದು ಎಲ್ಲಿ ಬೀಳುತ್ತದೋ ಯಾರಿಗೆ ಗೊತ್ತು.

ಉಳಿಯುವ ಜಾಗ ಹುಡುಕಲು ಕೂತೆ. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು ಈಜುಕೊಳವಿರುವ ರೆಸಾರ್ಟುಗಳು. ಸಮುದ್ರದ ಪಕ್ಕದಲ್ಲಿ ಈಜುಕೊಳ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಿಟಕಿಯಿಂದ ಸಮುದ್ರ ಕಾಣುತ್ತದೆ ಅನ್ನುವ ರೂಮಿನ ಬಾಡಿಗೆ ಕೇಳಿದರೆ ಸಮುದ್ರವನ್ನೇ ಕೊಡುತ್ತಾರೇನೋ ಅನ್ನಬೇಕು. ನಾವು ನೋಡಬೇಕಾದದ್ದು ಕಿಟಕಿಯಿಂದಲ್ಲ, ಮರಳಿನ ಮೇಲೆ ನಿಂತು. ಹಾಗಾಗಿ ಕಿಟಕಿ ಬಿಟ್ಟೆ, ಈಜುಕೊಳ ಬಿಟ್ಟೆ, ಎಸಿ ಬಿಟ್ಟೆ, ವಾರದ ಕೊನೆ ಬಿಟ್ಟು ಸೋಮವಾರದಿಂದ ಕೇಳಿದೆ. ತೀರದಿಂದ ಅರ್ಧ ಮೈಲಿ ಹಿಂದೆ ಸರಿದರೆ ಬಾಡಿಗೆ ಅರ್ಧಕ್ಕಿಳಿಯುತ್ತದೆ ಅಂತ ಕಂಡುಕೊಂಡೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಒಂದು ಪಾಠ ಮಾತ್ರ ಅಪ್ಪನದು. ಕೋಲಾರದ ಮಂಡಿಗೆ ಟೊಮೇಟೊ ಹಾಕುವ ಮುಂಚೆ ಅಪ್ಪ ಒಂದೇ ಮಂಡಿಗೆ ಮೂರು ಬೇರೆ ಹೊತ್ತಿನಲ್ಲಿ ಫೋನು ಮಾಡುತ್ತಿದ್ದರು. ಮೂರು ಸಲವೂ ಒಂದೇ ಮಾತು ಆಡಿದವನ ಕಡೆ ಲೋಡು ತಿರುಗುತ್ತಿತ್ತು. ಹೊನ್ನಾವರದ ಸುತ್ತಮುತ್ತ ಹನ್ನೊಂದು ನಂಬರುಗಳನ್ನು ನಾನು ಹಾಗೇ ಜರಡಿ ಹಿಡಿದೆ. ಬೆಳಿಗ್ಗೆ ಬಿಸಿನೀರು ಉಂಟು ಅಂದವನು ಸಂಜೆ ಸೋಲಾರ್ ಕೆಟ್ಟಿದೆ ಅಂದ. ಬೀಚಿಗೆ ಐದು ನಿಮಿಷ ಅಂದವನು ಮಾರನೇ ದಿನ ಆಟೋ ಕಳಿಸುತ್ತೇನೆ ಅಂದ. ಕೊನೆಗೆ ಎರಡು ಉಳಿದವು. ಒಂದು, ಟೈಲ್ಸ್ ಹಾಕಿದ ಹೊಸ ರೂಮು. ಇನ್ನೊಂದು, ಮೀನು ಮಾರುವ ಹೆಂಗಸೊಬ್ಬರ ಮನೆಯ ಪಕ್ಕಕ್ಕಿರುವ ಹಂಚಿನ ಕೋಣೆ. "ನಮ್ದು ಸಾದಾ ಮನೆ, ಚಾಪೆ ಉಂಟು, ಫ್ಯಾನ್ ಉಂಟು" ಅಂತ ಆಕೆ ಮೂರು ಸಲವೂ ಅದನ್ನೇ ಹೇಳಿದ್ದರು. ನಾನು ಟೈಲ್ಸಿನ ರೂಮು ಗೊತ್ತುಮಾಡಿ, ಎರಡನೆಯ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಟಿಕೆಟ್ಟೂ ಮಾಡಿಸಿದೆ. ಸಂದಿನ ಮೊದಲ ದಿನವೇ ಹೊರಟು ನಾಲ್ಕನೇ ದಿನ ಸಂಜೆ ವಾಪಸು ರೈಲು.

ಅಷ್ಟೆಲ್ಲ ಆದಮೇಲೆ ಅತ್ತೆ ತಕರಾರು ತೆಗೆದರು. ಮೊಟ್ಟೆ ಕಾಯುವ ಕಾವಲುಗಾರನ ನಂಬರು ನಾನು ಆ ಮೀನಿನ ಅಕ್ಕನಿಂದ ಪಡೆದಿದ್ದೆ. ಅತ್ತೆ ಆತನ ಜೊತೆ ತಾವೇ ಮಾತಾಡಬೇಕೆಂದರು. ಸ್ಪೀಕರಿಗೆ ಹಾಕಿ ಕೊಟ್ಟೆ.

"ಏನಪ್ಪಾ, ಮೊಟ್ಟೆ ಯಾವತ್ತು ಇಟ್ಟಿದ್ದು, ಬರೆದಿಟ್ಟಿದ್ದೀರಾ?"

"ಬರ್ದಿದ್ದೇವಮ್ಮ. ಪ್ರತಿ ಗುಂಡಿಗೂ ಬೋರ್ಡ್ ಉಂಟು."

"ನಿಮ್ಮಲ್ಲಿ ಈ ಸಲ ಬೆಳಗಿನ ಜಾವ ಚಳಿ ಹೇಗಿದೆ? ಮರಳು ಮುಟ್ಟಿದ್ರೆ ತಣ್ಣಗಿರುತ್ತಾ, ಬೆಚ್ಚಗಿರುತ್ತಾ?"

ಇಂಥ ಪ್ರಶ್ನೆ ಪ್ರವಾಸಿಗಳು ಕೇಳಿರಲಿಕ್ಕಿಲ್ಲ. ಈ ವರ್ಷ ಚಳಿ ಜಾಸ್ತಿ ಉಂಟು ಅಂದ. ಅತ್ತೆ ಫೋನು ನನ್ನ ಕೈಗಿಟ್ಟು, "ಎರಡು ದಿನ ತಡ ಆಗುತ್ತೆ. ಟಿಕೆಟ್ ಮುಂದಕ್ಕೆ ಹಾಕು," ಅಂದರು.

"ಆಮೆ ಏನು ರೇಷ್ಮೆ ಹುಳನಾ ಅತ್ತಮ್ಮ?"

"ಮೊಟ್ಟೆ ಅಂದ್ರೆ ಮೊಟ್ಟೆ. ಚಳಿಗೆ ಯಾವುದಾದ್ರೂ ತಡವೇ."

ಎರಡು ದಿನ ಮುಂದೆ ಹಾಕಿದರೆ ನಾವು ಊರಿಗೆ ತಲುಪುವುದು ಚಾಕಿ ಬರುವುದಕ್ಕೆ ಒಂದು ದಿನ ಮುಂಚೆ. ಸ್ವಲ್ಪ ಎಡವಟ್ಟಾದರೂ ಹುಳು ಅನಾಥ. ನಾನು ಕೂಗಾಡಿದೆ, ಪಾತ್ರೆ ಕುಕ್ಕಿದೆ, ಕೊನೆಗೆ ಟಿಕೆಟ್ಟು ಬದಲಾಯಿಸಿದೆ. ಹೊರಡುವ ದಿನ ಪಕ್ಕದ ಮನೆಯಾಕೆ ಬಂದು ಯಾವ ದೇವರಿಗೆ ಅಂತ ಕೇಳಿ, ಅತ್ತೆ "ಆಮೆಗೆ" ಅಂದಿದ್ದಕ್ಕೆ, ನನ್ನ ಹೆಸರಲ್ಲೂ ಒಂದು ಕಾಯಿ ಒಡೆಸಿ ಅಂತ ತೆಂಗಿನಕಾಯಿ ತಂದುಕೊಟ್ಟಳು. ಬಿಡಿಸಿ ಹೇಳುವ ವ್ಯವಧಾನ ಇಬ್ಬರಿಗೂ ಇರಲಿಲ್ಲ, ಕಾಯಿ ಬ್ಯಾಗಿಗೆ ಸೇರಿತು.

ರಾತ್ರಿಯ ರೈಲಿನಲ್ಲಿ ಹೋಗಿ ಬೆಳಿಗ್ಗೆ ಇಳಿದೆವು. ಟೈಲ್ಸಿನ ರೂಮು ಫೋಟೋದಲ್ಲಿ ಇದ್ದಂತೆಯೇ ಇತ್ತು, ಬಿಳೀ ಬೆಡ್‌ಶೀಟು, ಕನ್ನಡಿ. ನಾನು ಎದೆಯುಬ್ಬಿಸಿ ಬಾಗಿಲು ತೆಗೆದು ನಿಂತೆ. ಅತ್ತೆ ಹೊಸಿಲಿನಲ್ಲೇ ಮೂಗು ಅರಳಿಸಿ ನಿಂತುಬಿಟ್ಟರು.

"ಸೊಳ್ಳೆಬತ್ತಿ ಹಚ್ಚಿದ್ದಾರೆ. ವದ್ದಮ್ಮಾ." ಬೇಡ ಅನ್ನುವಾಗ ಅವರಿಗೆ ತೆಲುಗೇ ಬಾಯಿಗೆ ಬರುತ್ತದೆ.

"ಒಂದು ಗಂಟೆ ಕಿಟಕಿ ತೆಗೆದಿಟ್ರೆ ಹೋಗುತ್ತೆ."

"ಸೀರೆಗೆ ಅಂಟ್ಕೊಳ್ಳುತ್ತೆ. ಇದರಲ್ಲಿ ಮಲಗಿ ಎದ್ದು ಮರಿ ಹತ್ರ ಹೋಗೋದಾ? ಹುಟ್ಟೋ ಜೀವ ಅದು."

ಕಡಲಾಮೆಗೆ ಸೊಳ್ಳೆಬತ್ತಿಯ ಹೊಗೆಯಿಂದ ಏನೂ ಆಗುವುದಿಲ್ಲ, ಅದು ಹುಳುಮನೆಯ ಕಾನೂನು, ಇಲ್ಲಿಗೆ ಯಾಕೆ ಅಂತ ಎಷ್ಟು ಹೇಳಿದರೂ ಅವರು ಒಳಗೆ ಕಾಲಿಡಲಿಲ್ಲ. ಮೂರು ವಾರ ಹುಡುಕಿದ ರೂಮು. ಕೋಪದಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ನೋಟ್‌ಬುಕ್ಕಿನಲ್ಲಿ ಎರಡನೇ ನಂಬರು ಬರೆದಿಟ್ಟವಳೂ ನಾನೇ ತಾನೆ? ಒಂದು ಗಂಟೆಯೊಳಗೆ ಮೀನಿನ ಅಕ್ಕನ ಹಂಚಿನ ಕೋಣೆಯಲ್ಲಿ ನಮ್ಮ ಬ್ಯಾಗುಗಳಿದ್ದವು. ಅಂಗಳದ ತುಂಬ ಒಣಮೀನಿನ ವಾಸನೆ. ಅದಕ್ಕೆ ಅತ್ತೆಯ ತಕರಾರಿಲ್ಲ. "ಇದು ತಿನ್ನೋ ವಾಸನೆ, ಕೊಲ್ಲೋ ವಾಸನೆ ಅಲ್ಲ" ಅಂದರು. ಆ ಅಕ್ಕ ಮಾಡಿಹಾಕಿದ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ತಿಂದಮೇಲೆ ನನ್ನ ಕೋಪವೂ ಇಳಿಯಿತು. ಟೈಲ್ಸಿನ ರೂಮಿಗಿಂತ ಇದು ಅಗ್ಗ, ಊಟ ಸೇರಿ.

ಮೊದಲ ದಿನ ಸುತ್ತಾಡಿದೆವು. ಉಪ್ಪುನೀರಿನ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ದಾರಿ ಮಾಡಿದ್ದಾರೆ, ಅದರ ಮೇಲೆ ನಡೆದರೆ ಕೆಳಗೆ ಕೆಸರಿನಲ್ಲಿ ಏಡಿಗಳು, ನೀರು ಬಿಟ್ಟು ಮಣ್ಣಿನ ಮೇಲೆ ಹಾರುವ ಮೀನುಗಳು. ಅತ್ತೆ ಒಂದು ಮೀನನ್ನು ಅರ್ಧ ಗಂಟೆ ನೋಡಿದರು. ಜೊತೆಗಿದ್ದ ಪ್ರವಾಸಿಗಳು ಸೆಲ್ಫಿ ತೆಗೆದುಕೊಂಡು ಮುಂದೆ ಹೋದರು, ನಾವಿಬ್ಬರೇ ಉಳಿದೆವು. ಹದ್ದೊಂದು ನೀರಿಗೆ ಬಿದ್ದಂತೆ ಬಂದು ಮೀನು ಎತ್ತಿಕೊಂಡು ಹೋದಾಗ ಅತ್ತೆ ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿದ್ದು ಅದೇ ಮೊದಲು.

ಸಂಜೆ ಆಮೆಯ ಬೇಲಿಗೆ ಹೋದೆವು. ಬಲೆ ಕಟ್ಟಿದ ಒಂದು ಚೌಕ, ಒಳಗೆ ಸಾಲಾಗಿ ಗುಂಡಿಗಳು, ಪ್ರತಿ ಗುಂಡಿಯ ಮೇಲೆ ಒಂದು ಬಲೆಯ ಬುಟ್ಟಿ, ತಾರೀಖು ಬರೆದ ಹಲಗೆ. ಫೋನಿನಲ್ಲಿ ಮಾತಾಡಿದ ಕಾವಲುಗಾರ ಅಲ್ಲಿದ್ದ. ಮೀನುಗಾರರ ಪೈಕಿ, ನಲವತ್ತರ ಆಸುಪಾಸು. ಅತ್ತೆ ಹುಳುಮನೆಗೆ ಉಡುವ ಸಾದಾ ಸೀರೆಯನ್ನೇ ಇಲ್ಲಿಗೂ ಉಟ್ಟು, ಕೈಕಾಲು ತೊಳೆದು ಬಂದಿದ್ದರು. ಬೇಲಿಯ ಹೊರಗೆ ಸೆಂಟು ಹೊಡೆದುಕೊಂಡು ನಿಂತಿದ್ದ ಒಬ್ಬ ಹುಡುಗಿಗೆ, "ಸ್ವಲ್ಪ ಹಿಂದೆ ನಿಂತ್ಕೋಮ್ಮಾ, ಒಳಗೆ ಮರಿಗಳಿವೆ," ಅಂತ ಹೇಳಿ ನನ್ನ ಮಾನ ಕಳೆದರು. ಕಾವಲುಗಾರ ನಕ್ಕ. ಬೋರ್ಡಿನ ಪ್ರಕಾರ ಒಂದು ಗುಂಡಿಯ ದಿನ ತುಂಬಿ ಎರಡು ದಿನ ಮೇಲಾಗಿತ್ತು. ನನ್ನ ಮೊದಲ ಟಿಕೆಟ್ಟಿನ ಹಾಗೆ ಬಂದಿದ್ದರೆ ನಾವು ಬರೀ ಮರಳು ನೋಡಿ ಅವತ್ತೇ ರೈಲು ಹತ್ತಬೇಕಿತ್ತು. ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ಆ ನೋಟ ಸಾಕಾಗಿತ್ತು.

ಮಾರನೇ ದಿನ ಬೆಳಿಗ್ಗೆ ಹೋದೆವು, ಇಲ್ಲ. ಸಂಜೆ ಹೋದೆವು, ಇಲ್ಲ. ಮೂರನೇ ದಿನ, ಅಂದರೆ ನಾವು ಹೊರಡುವ ದಿನ, ಬೆಳಕು ಹರಿಯುವಾಗಲೇ ಹೋದೆವು. ಮರಳು ಸಪಾಟಾಗಿತ್ತು. ಅತ್ತೆ ಬೇಲಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ನಾನು ರೈಲಿನ ಹೊತ್ತು, ಆಟೋದ ಹೊತ್ತು ಅಂತ ತಲೆಯೊಳಗೆ ಓಡಿಸುತ್ತಿದ್ದೆ. ಅವರು ಒಂದು ಗುಂಡಿಯ ಬುಡವನ್ನೇ ನೋಡುತ್ತಿದ್ದವರು, "ಏನಪ್ಪಾ, ಬಾ ಇಲ್ಲಿ. ಇರುವೆ," ಅಂದರು.

ನನಗೆ ಏನೂ ಕಾಣಲಿಲ್ಲ. ಕಾವಲುಗಾರನಿಗೂ ಕಾಣಲಿಲ್ಲ. ಅತ್ತೆ ಬೆರಳು ಚಾಚಿ ತೋರಿಸಿದಮೇಲೆ ಕಂಡಿತು, ಮರಳಿನದೇ ಬಣ್ಣದ ಸಣ್ಣ ಇರುವೆಗಳ ಎಳೆಯಂಥ ಸಾಲು, ಬಲೆಯ ಕೆಳಗಿಂದ ಆ ಗುಂಡಿಯ ಕಡೆ ಹೋಗುತ್ತಿತ್ತು. ಹುಳುಮನೆಯಲ್ಲಿ ಇರುವೆಯೇ ನಮ್ಮ ದೊಡ್ಡ ಶತ್ರು. ತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದೇ ಅದಕ್ಕೆ. ಮೂವತ್ತು ವರ್ಷ ಇರುವೆ ಹುಡುಕಿದ ಕಣ್ಣು ಅದು. ಕಾವಲುಗಾರ ಮಂಡಿಯೂರಿ ಮರಳನ್ನು ಕೈಯಿಂದ ಮೆಲ್ಲಗೆ ಸರಿಸಿದ. ಒಂದು ಗೇಣು ಕೆಳಗೆ ಒಂದು ಮೊಟ್ಟೆ ಬಿರಿದಿತ್ತು. ಬಿರುಕಿನಲ್ಲಿ ಪುಟ್ಟ ಕಪ್ಪು ಮೂಗು.

ಆತ ಗಡಿಬಿಡಿಯಲ್ಲಿ ಮರಳು ಮುಚ್ಚಿ, ಇರುವೆಗಳನ್ನೆಲ್ಲ ಕೈಯಲ್ಲೇ ಬಾಚಿ ತೆಗೆದ. ಅತ್ತೆ ಹೇಳಿದಂತೆ ಸುತ್ತಲೂ ಕಾಲುವೆಯಂತೆ ತೋಡಿ, ಕೊಡದಲ್ಲಿ ನೀರು ತಂದು ಮರಳನ್ನು ಒದ್ದೆ ಮಾಡಿದ, ಒಣಗದಂತೆ ಮತ್ತೆ ಮತ್ತೆ ಸುರಿದ. ಇರುವೆಗಳು ಅದನ್ನು ದಾಟಲಿಲ್ಲ. "ನಾವು ಏಡಿ ನೋಡ್ತೇವೆ, ನಾಯಿ ನೋಡ್ತೇವೆ ಅಮ್ಮ. ಇದನ್ನ ನೋಡ್ದೇ ಹೋಗಿದ್ರೆ ಮೇಲಿನ ಮರಿಗಳು ಉಳೀತಿರ್ಲಿಲ್ಲ," ಅಂದ. ಅಲ್ಲಿದ್ದ ಇನ್ನಿಬ್ಬರನ್ನೂ ಕರೆದು, "ಇವ್ರು ಕೋಲಾರದ ಅಮ್ಮ, ರೇಷ್ಮೆಯವ್ರು," ಅಂತ ಪರಿಚಯ ಮಾಡಿಸಿದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವರು ನನ್ನ ಅತ್ತೆ, ನನ್ನ ಅತ್ತೆ ಅಂತ ಕೇಳದವರಿಗೂ ಹೇಳಿಕೊಂಡು ತಿರುಗಿದೆ.

"ಯಾವಾಗ ಹೊರಗೆ ಬರ್ತವಪ್ಪಾ?" ಅಂತ ಅತ್ತೆ ಕೇಳಿದರು.

"ನಾಳೆ ಇಲ್ಲಾ ನಾಡಿದ್ದು ಬೆಳಿಗ್ಗೆ. ಮೊಟ್ಟೆ ಒಡೆದ ಮೇಲೂ ಎಲ್ಲಾ ಸೇರಿ ಮೇಲೆ ಬರ್ಲಿಕ್ಕೆ ಹೊತ್ತು ಬೇಕು."

ನಮ್ಮ ರೈಲು ಅವತ್ತೇ ಸಂಜೆ.

ಅತ್ತೆ ನೇರ ಹಿಂದಿರುಗಿದರು. ಕೋಣೆಗೆ ಬಂದು ಸೀರೆ ಮಡಚಿ ಬ್ಯಾಗಿಗೆ ತುಂಬತೊಡಗಿದರು. "ಮೂಗು ಕಂಡಿತಲ್ಲ, ಸಾಕು ಬಿಡು," ಅಂದರು. ಸಾಕಾಗಿರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಮೂವತ್ತು ವರ್ಷಕ್ಕೊಮ್ಮೆ ಬಾಯಿಬಿಟ್ಟು ಕೇಳಿದ್ದನ್ನು ಒಂದು ಗೇಣು ಮರಳಿನ ಕೆಳಗೆ ಬಿಟ್ಟು ಅವರು ಹೊರಟಿದ್ದರು, ಅದೂ ಹುಳುವಿಗಾಗಿ. ನನಗೆ ತಡೆಯಲಾಗಲಿಲ್ಲ.

"ನೀವು ಇರಿ. ಚಾಕಿಗೆ ನಾನು ಹೋಗ್ತೀನಿ," ಅಂದೆ.

ಅತ್ತೆ ತಲೆಯೆತ್ತಿದರು.

"ಮೊದಲ ಸೊಪ್ಪು?"

"ನಾನೇ ಹಾಕ್ತೀನಿ."

ಈಗ ಬೈಗುಳ ಬರುತ್ತದೆ ಅಂತ ಕಾದೆ. ಆಲೂಗಡ್ಡೆಯ ಮಾತಿಗೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದರು. ಕೊನೆಗೆ, "ನೀನೂ ಮರಿ ನೋಡ್ಬೇಕಲ್ಲೇ ಅಮ್ಮಾಯಿ. ಇಷ್ಟು ದೂರ ಕರ್ಕೊಂಡು ಬಂದವಳು ನೀನು," ಅಂದರು. ನನಗೆ ಆಮೆ ಬೇಕಿಲ್ಲ ಅಂತ ಸುಳ್ಳು ಹೇಳಿದೆ. ಮೀನಿನ ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವರು, "ಅಡ್ಡಿಲ್ಲ, ಇರ್ಲಿ ಅಮ್ಮ ನಮ್ಮ ಮನೇಲೇ. ನಾನು ರೈಲು ಹತ್ತಿಸ್ತೆ," ಅಂದರು.

ರೈಲಿನಲ್ಲಿ ಒಬ್ಬಳೇ ಕೂತಾಗ ಅಳು ಬಂತು. ಆಮೆಮರಿ ತಪ್ಪಿದ್ದಕ್ಕೂ ಹೌದು, ಒಬ್ಬಳೇ ಮೊದಲ ಸೊಪ್ಪು ಹಾಕುವ ಹೆದರಿಕೆಗೂ ಹೌದು. ಬೆಂಗಳೂರಿನಲ್ಲಿ ಇಳಿದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಮನೆ ಸೇರಿದೆ. ಅಮ್ಮ ಎಲ್ಲಿ ಅಂತ ಕೇಳಿದ ನಮ್ಮನೆಯವರಿಗೆ ವಿಷಯ ಹೇಳಿದರೆ ಅವರು ಬೀಡಿ ಹಚ್ಚುವುದನ್ನೇ ಮರೆತರು. ಸಂಜೆ ಅತ್ತೆಯ ಫೋನು ಬಂತು, "ಇವತ್ತು ಬೆಳಿಗ್ಗೆ ಬರ್ಲಿಲ್ಲ ಕಣೇ. ನಾಳೆ ಖಂಡಿತ." ಹುಳುವಿನ ಬಗ್ಗೆ ಒಂದೂ ಬುದ್ಧಿಮಾತು ಹೇಳಲಿಲ್ಲ. ಅದು ನನ್ನ ಹೆದರಿಕೆಯನ್ನು ಇನ್ನೂ ಹೆಚ್ಚಿಸಿತು.

ಮಾರನೇ ದಿನ ಮುಂಜಾನೆಯೇ ಚಾಕಿ ಬಂತು. ಸೋಪಿಲ್ಲದೆ ಸ್ನಾನ ಮಾಡಿ, ಸಾದಾ ಸೀರೆಯುಟ್ಟು ಹುಳುಮನೆ ಹೊಕ್ಕೆ. ತಟ್ಟೆ ಬಿಚ್ಚಿದೆ. ಅರ್ಧದಷ್ಟು ಹುಳು ಎದ್ದು ತಲೆಯಾಡಿಸುತ್ತಿದ್ದವು, ಅರ್ಧ ಇನ್ನೂ ಜ್ವರದಲ್ಲಿ. ಬುಟ್ಟಿಯಲ್ಲಿ ಹದವಾಗಿ ಕತ್ತರಿಸಿದ ಎಳೇ ಸೊಪ್ಪು. ನಮ್ಮನೆಯವರು ಬಾಗಿಲಲ್ಲಿ ನಿಂತು, "ಹಾಕ್ಬಿಡೇ, ಹಸಿದಿರ್ತವೆ," ಅಂದರು. ನಾನು ಹಾಕಲಿಲ್ಲ. ಎದ್ದ ಹುಳುಗಳು ಕತ್ತು ಚಾಚಿ ಹುಡುಕುತ್ತಿದ್ದವು. ಆದರೂ ಕೈಕಟ್ಟಿ ನಿಂತೆ. ಒಂದು ಗಂಟೆ, ಎರಡು ಗಂಟೆ. ಹೊರಗೆ ಫೋನು ಹೊಡೆದುಕೊಳ್ಳತೊಡಗಿತು. "ಅಮ್ಮಂದು ಕಣೇ!" ಅಂತ ಅವರು ಕೂಗಿದರು. ಆಗ ತಾನೆ ಕೊನೆಯ ಒಂದಿಷ್ಟು ಹುಳು ಚರ್ಮ ಕಳಚಿ ಮುಂದಕ್ಕೆ ಸರಿದಿದ್ದವು. ನಾನು ಸೊಪ್ಪಿಗೆ ಕೈಹಾಕಿದೆ. ಫೋನು ನಿಂತಿತು, ಮತ್ತೆ ಹೊಡೆದುಕೊಂಡಿತು, ಮತ್ತೆ ನಿಂತಿತು. ಕೊನೆಯ ತಟ್ಟೆಗೆ ತೆಳ್ಳಗೆ ಸೊಪ್ಪು ಹರಡಿ, ಹುಳುಗಳೆಲ್ಲ ಒಂದೇ ಸಮನೆ ಎಲೆ ಹತ್ತುವುದನ್ನು ನೋಡಿ, ಆಮೇಲೆ ಹೊರಗೆ ಬಂದೆ.

ಫೋನು ಮಾಡಿದೆ. ಹಿಂದೆ ಅಲೆಯ ಸದ್ದು. ಯಾಕೆ ಎತ್ತಲಿಲ್ಲ ಅಂತ ಅವರು ಕೇಳುವ ಮೊದಲೇ, "ಸೊಪ್ಪು ಹಾಕ್ತಿದ್ದೆ ಅತ್ತಮ್ಮ," ಅಂದೆ.

"ಗೊತ್ತಾಯ್ತು. ಎರಡು ಸಲ ಎತ್ಲಿಲ್ಲ ಅಂದಾಗ್ಲೇ ಒಳಗಿದ್ದೀಯ ಅನ್ಕೊಂಡೆ." ಆಮೇಲೆ ಮಾತು ಹೊಳೆಯಂತೆ ಹರಿಯಿತು. ಬೆಳಕು ಹರಿಯುವಾಗ ಮರಳು ಕುಸಿದಿದ್ದು, ಒಂದು ತಲೆ, ಎರಡು ತಲೆ, ಆಮೇಲೆ ರಾಶಿ ರಾಶಿ. ಕಾವಲುಗಾರ ಅವುಗಳನ್ನು ಬುಟ್ಟಿಯಲ್ಲಿ ತಂದು ಒದ್ದೆ ಮರಳಿನ ಮೇಲೆ ಬಿಟ್ಟಿದ್ದು, ಇನ್ನು ಯಾರೂ ಮುಟ್ಟಬೇಡಿ, ಅವೇ ನಡೆಯಲಿ ಅಂದಿದ್ದು. "ಎಣಿಸ್ತಾ ಇದ್ದೆ. ನೂರು ದಾಟಿದ ಮೇಲೆ ಕಣ್ಣು ತುಂಬ್ಕೊಂಡು ಲೆಕ್ಕ ತಪ್ಪಿತು. ಒಂದು ಅಲೆ ಬಂತು ಕಣೇ, ಹೋದಾಗ ಒಂದೂ ಇರ್ಲಿಲ್ಲ. ಎಲ್ಲಾ ಹೋದ್ವು. ಬದುಕಿ ಹೋದ್ವು."

ಇವತ್ತು ಸಂಜೆಯ ರೈಲಿಗೆ ಟಿಕೆಟ್ ಮಾಡಲಾ ಅಂತ ಕೇಳಿದೆ.

"ಬೇಡ," ಅಂದರು ಅತ್ತೆ, ಅಚ್ಚ ಕನ್ನಡದಲ್ಲಿ. "ಪಕ್ಕದ ಗುಂಡಿ ಮೂರು ದಿನಕ್ಕೆ ಒಡೆಯುತ್ತಂತೆ. ಅದನ್ನೂ ನೋಡ್ಕೊಂಡು ಬರ್ತೀನಿ. ಹುಳ ನಿನ್ ಹತ್ರ ಇದೆಯಲ್ಲ, ನಾನ್ಯಾಕೆ ಓಡಿ ಬರ್ಲಿ?"